ಇಪ್ಪತ್ತೊಂಬತ್ತೋ, ಇಪ್ಪತ್ತೇಳೂವರೆಯೋ

2024 ನವೆಂಬರ್ 17, ಭಾನುವಾರ
ಶಿವಮೊಗ್ಗ

ಮಳೆ ಹಿಂದೆ ಸರಿದು ತೋಟದ ದಾರಿಗಳು ಒಣಗುತ್ತಿವೆ. ಹಳೆಯ 26 ಅಂಗುಲದ ಸೈಕಲ್ಲನ್ನು ತಂಗಿಯ ಮಗಳಿಗೆ ಕೊಟ್ಟಾಯಿತು, ಹೊಸ ಮೌಂಟನ್ ಬೈಕ್ ಇನ್ನೂ ಮನೆಗೆ ಬಂದಿಲ್ಲ. ಹಾರ್ಡ್‌ಟೇಲ್ ಎನ್ನುವುದು ಮಾತ್ರ ಮೊದಲೇ ತೀರ್ಮಾನವಾಗಿತ್ತು: ಮುಂದೆ ಸಸ್ಪೆನ್ಷನ್ ಫೋರ್ಕ್, ಹಿಂದೆ ಬರೀ ಫ್ರೇಮ್. ಹಿಂದೆಯೂ ಸಸ್ಪೆನ್ಷನ್ ಇರುವುದಕ್ಕೆ ನನ್ನ ಬಳಿ ದುಡ್ಡಿಲ್ಲ. ಇದ್ದರೂ ಮಲೆನಾಡಿನ ಮಳೆಗಾಲವಿಡೀ ಅದರ ಬೇರಿಂಗುಗಳಿಂದ ಕೆಸರು ತೆಗೆಯುತ್ತ ಕೂರುವ ತಾಳ್ಮೆ ಇಲ್ಲ.

ಉಳಿದದ್ದು ಚಕ್ರದ ಪ್ರಶ್ನೆ: 29 ಅಂಗುಲದ್ದೋ, 27.5 ಅಂಗುಲದ್ದೋ. ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ಆರಡಿ ಎತ್ತರದ ಆಳು, ಅವನದು 29ರ ಸೈಕಲ್. ಬೆಳಿಗ್ಗೆ ದೋಸೆ ತಿನ್ನುತ್ತಲೇ ಶುರು ಮಾಡಿದ. "ಅತ್ತೆ, 27.5 ಅನ್ನು ಈಗ ಯಾರೂ ಕೇಳುವುದಿಲ್ಲ. ನಾಳೆ ಟೈರೇ ಸಿಗದಿದ್ದರೆ ಏನು ಮಾಡುತ್ತೀಯ?"

ತೆಗೆದುಹಾಕುವ ಮಾತಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ಪಂದ್ಯದಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರ ಮೇಲೆ ಚಿನ್ನ ಗೆದ್ದ, 27.5ರ ಮೇಲಿದ್ದ ಸ್ವಿಟ್ಜರ್ಲೆಂಡಿನ ನೀನೋ ಶುರ್ಟರ್ ಒಂದೇ ಸೆಕೆಂಡಿನ ಅಂತರದಲ್ಲಿ ಎರಡನೆಯವನಾದ. ಆಗ ವಾದ ಸಮಸಮವಾಗಿತ್ತು. 2016ರ ರಿಯೋಗೆ ಬರುವಾಗ ಅದೇ ಶುರ್ಟರ್ 29ಕ್ಕೆ ಬದಲಾಗಿದ್ದ, ಚಿನ್ನವನ್ನೂ ಗೆದ್ದ. ಅಲ್ಲಿಗೆ ಕ್ರಾಸ್‌ಕಂಟ್ರಿ ಪಂದ್ಯದ ಮಟ್ಟಿಗೆ ಕತೆ ಮುಗಿಯಿತು. ಆದರೆ ನಾನು ಒಲಿಂಪಿಕ್ಸ್‌ಗೆ ಹೋಗುತ್ತಿಲ್ಲ, ಅಡಿಕೆ ತೋಟದ ಆಚೆಗಿರುವ ಗುಡ್ಡಕ್ಕೆ ಹೋಗುತ್ತೇನೆ. ನನ್ನ ಎತ್ತರ 160 ಸೆಂಟಿಮೀಟರ್.

ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಸೈಕಲ್ ನಿಲ್ಲಿಸಿದ್ದರು. ಚಿಕ್ಕ ಫ್ರೇಮಿಗೆ 27.5, ಮಧ್ಯಮ ಫ್ರೇಮಿಗೆ 29. ಕುಳ್ಳಗಿರುವವರ ಫ್ರೇಮಿಗೆ ದೊಡ್ಡ ಚಕ್ರ ತುರುಕಿದರೆ ಹ್ಯಾಂಡಲ್ ಮೇಲೇರುತ್ತದೆ, ತಿರುಗಿಸುವಾಗ ಪಾದದ ತುದಿ ಮುಂದಿನ ಟೈರಿಗೆ ತಾಗುತ್ತದೆ. ಆದ್ದರಿಂದ ಕೆಲವು ಕಂಪನಿಗಳು ಈ ಆಯ್ಕೆಯನ್ನು ತಾವೇ ಮಾಡಿಬಿಟ್ಟಿರುತ್ತವೆ. ನನ್ನ ಎತ್ತರ ಅವರ ಪಟ್ಟಿಯಲ್ಲಿ ಎರಡೂ ಫ್ರೇಮುಗಳ ಗಡಿಯಲ್ಲಿತ್ತು. ತಲೆನೋವಿನ ಮೂಲವೇ ಅದು.

ಎರಡನ್ನೂ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಓಡಿಸಿದೆ. 29ರದ್ದು ಸರಾಗವಾಗಿ ಓಡಿತು, ಸುಳ್ಳು ಹೇಳುವುದಿಲ್ಲ; ಒಮ್ಮೆ ವೇಗ ಹಿಡಿದರೆ ಬಿಡುವುದಿಲ್ಲ. ಇಳಿದು ನಿಂತಾಗ ಮಾತ್ರ ಮೇಲಿನ ಕೊಳವೆಗೂ ನನಗೂ ನಡುವೆ ಎರಡು ಬೆರಳಿನ ಜಾಗವೂ ಇರಲಿಲ್ಲ. ಡಾಂಬರಿನ ಮೇಲೆ ಅದು ಚಿಂತೆಯಲ್ಲ. ಜಂಬಿಟ್ಟಿಗೆ ಹರಳು ಹರಡಿದ ಇಳಿಜಾರಿನಲ್ಲಿ ಸೈಕಲ್ ವಾಲಿ ಥಟ್ಟನೆ ಕಾಲು ಊರಬೇಕಾದಾಗ, ಕಾಲಿಗೆ ನೆಲ ಇನ್ನೂ ಒಂದು ಗೇಣು ಕೆಳಗೇ ಇದ್ದರೆ ಗತಿ ಏನು? "ಅತ್ತೆ, ಇದರ ಮೇಲೆ ನೀನು ಏಣಿ ಹತ್ತಿದ ಹಾಗೆ ಕಾಣುತ್ತೀಯ" ಎಂದು ಅವನೇ ನಕ್ಕ. ಬೆಳಗಿನ ಬೋಧನೆ ಅಷ್ಟಕ್ಕೇ ಮರೆತುಹೋಗಿತ್ತು.

ಹಾಗೆಂದು ಸೋಲಲಿಲ್ಲ. "ಮುಂದೆ 29, ಹಿಂದೆ 27.5 ಹಾಕಿಸು" ಎಂದ. ಹಿಂಬದಿ ಹೀಗೆ ಕುಳಿತರೆ ಪೆಡಲಿನ ಅಚ್ಚು ಹತ್ತು ಹನ್ನೆರಡು ಮಿಲಿಮೀಟರ್ ಕೆಳಗಿಳಿಯುತ್ತದೆ, ಫೋರ್ಕಿನ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಬೇರು ತುಂಬಿದ ದಾರಿಯಲ್ಲಿ ಪೆಡಲ್ ನೆಲಕ್ಕೆ ಬಡಿಯುವುದು ನನಗೆ ಬೇಡ. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ದೊಡ್ಡ ಚಕ್ರ ಅಡೆತಡೆಯನ್ನು ಸುಲಭವಾಗಿ ಹತ್ತುತ್ತದೆ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ನಿಜವೇ. ಎಷ್ಟು ಸುಲಭ ಎಂಬುದನ್ನು ಮಧ್ಯಾಹ್ನ ಕಾಗದದ ಮೇಲೆ ಲೆಕ್ಕ ಹಾಕಿದೆ. ದಾರಿಗೆ ಅಡ್ಡಲಾಗಿ 8 ಸೆಂಟಿಮೀಟರ್ ಎತ್ತರದ ಬೇರು ಇದೆ ಎಂದುಕೊಳ್ಳೋಣ. 2.25 ಅಂಗುಲದ ಟೈರಿರುವ 27.5ರ ಚಕ್ರ ಅದನ್ನು ತಾಗುವ ಜಾಗ, ಚಕ್ರದ ತಳದಿಂದ ಸುಮಾರು 39.6 ಡಿಗ್ರಿ ಮುಂದೆ ಬರುತ್ತದೆ. 29ರ ಚಕ್ರಕ್ಕೆ 38.5 ಡಿಗ್ರಿ. ವ್ಯತ್ಯಾಸ ಒಂದು ಡಿಗ್ರಿ ಚಿಲ್ಲರೆ. ದಿನವಿಡೀ ಸಾವಿರ ಬೇರು ಹತ್ತಿ ಇಳಿಯುವವರಿಗೆ ಅದು ಲಾಭವೇ. ನನಗಾಗುವ ಲಾಭ ಮಧ್ಯಮ ಫ್ರೇಮಿನ ಕಷ್ಟಕ್ಕೆ ಸಾಟಿಯಾಗದು. ಜೊತೆಗೆ 29ರ ಸುತ್ತಳತೆ ಶೇಕಡಾ 5ರಷ್ಟು ಹೆಚ್ಚು. ಅಂದರೆ ಅದೇ ಗೇರು ಏರಿನಲ್ಲಿ ಅಷ್ಟು ಭಾರವಾಗುತ್ತದೆ. 27.5ರಲ್ಲಿ ಮುಂದಿನ ಚೈನ್‌ರಿಂಗಿಗೆ, ಅಂದರೆ ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ, 32 ಹಲ್ಲು ಇದ್ದರೆ, 29ರಲ್ಲಿ ಅಷ್ಟೇ ಹಗುರ ಬೇಕೆಂದರೆ ಸುಮಾರು 30 ಹಲ್ಲಿನದಕ್ಕೆ ಇಳಿಯಬೇಕು.

ಅಂಗಡಿಯಲ್ಲಿ ಕಂಡ ಒಂದು ತಮಾಷೆಯನ್ನು ಬರೆಯದೆ ಇರಲಾರೆ. ಹಾಲಿನವರೊಬ್ಬರ ಕಪ್ಪು ಸೈಕಲ್ ದುರಸ್ತಿಗೆ ಬಂದಿತ್ತು, ಕ್ಯಾನ್ ತೂಗುಹಾಕುವ ಕೊಕ್ಕೆಗಳ ಸಮೇತ. ಅದರ ಟೈರಿನ ಪಕ್ಕೆಯಲ್ಲಿ 28 x 1½, ಅದರ ಕೆಳಗೆ ಸಣ್ಣಕ್ಷರದಲ್ಲಿ 40-635. ಈ 40 ಟೈರಿನ ಅಗಲ, 635 ರಿಮ್ಮಿನ ಮೇಲೆ ಟೈರ್ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 29ರ ಟೈರಿನಲ್ಲಿ ಈ ಎರಡನೆಯ ಸಂಖ್ಯೆ 622. ಅಣ್ಣನ ಮಗನ ಹೆಮ್ಮೆಯ ಸೈಕಲ್ಲಿಗಿಂತ ಹಾಲಿನವರ ಸೈಕಲ್ಲಿನ ರಿಮ್ಮೇ ದೊಡ್ಡದು! ತೋರಿಸಿದೆ. ಅವನು ಬಗ್ಗಿ ಓದಿ, ಏನೂ ಹೇಳದೆ ಮೊಬೈಲ್ ತೆಗೆದ.

ಅಂಗುಲದ ಲೆಕ್ಕ ನಂಬಲು ಬರುವುದೇ ಇಲ್ಲ. ಮೌಂಟನ್ ಬೈಕಿನ 26 ಎಂದರೆ 559. ಊರಿನ ಸಾಧಾರಣ ಸೈಕಲ್ಲಿನ 26 x 1⅜ ಎಂದರೆ 590. 27.5 ಎಂದರೆ 584. ಆರು ಮಿಲಿಮೀಟರ್ ತಾನೇ ಎಂದು 590ರ ಟೈರನ್ನು 584ರ ರಿಮ್ಮಿಗೆ ಹಾಕಿದರೆ ಅದು ಕೂರದೆ ಗಾಳಿ ತುಂಬುವಾಗಲೇ ಹಾರಿಬರುತ್ತದೆ. ಟೈರ್ ಕೊಳ್ಳುವವರು ಆ ಸಣ್ಣಕ್ಷರವನ್ನೇ ಓದಬೇಕು. ಟ್ಯೂಬಿನ ವಿಷಯದಲ್ಲಿ ಅಷ್ಟು ಮಡಿಯಿಲ್ಲ, 27.5ರ ಟೈರಿನೊಳಗೆ 26ರ ಮೌಂಟನ್ ಬೈಕ್ ಟ್ಯೂಬ್ ಹಾಕಿ ಮನೆ ಸೇರಬಹುದು. ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸಿಗುವುದೂ ಅದೇ.

ಹೀಗೆ 27.5 ಎಂದಾದ ಮೇಲೆ ನಿಜವಾದ ಪ್ರಶ್ನೆ ಬಂತು: ಟೈರಿನ ಅಗಲ. ಹಾರ್ಡ್‌ಟೇಲಿನಲ್ಲಿ ಹಿಂದಿನ ಸಸ್ಪೆನ್ಷನ್ ಎಂದರೆ ಟೈರಿನೊಳಗಿನ ಗಾಳಿ, ಬೇರೇನೂ ಇಲ್ಲ. ಜನ ವ್ಯಾಸಕ್ಕಾಗಿ ಜಗಳವಾಡುತ್ತಾರೆ, ನನಗಂತೂ ಅಗಲವೇ ಮುಖ್ಯ. ಅಗಲವಾದ ಟೈರಿಗೆ ಕಡಿಮೆ ಗಾಳಿ ಸಾಕು. ಗಾಳಿ ಕಡಿಮೆಯಾದರೆ ಟೈರು ಹರಳನ್ನು ನುಂಗಿಕೊಂಡು ಹೋಗುತ್ತದೆ, ಗಟ್ಟಿ ಟೈರಿನ ಹಾಗೆ ಪ್ರತಿಯೊಂದರ ಮೇಲೂ ಪುಟಿದು ಶಕ್ತಿ ಸೋರಿಸುವುದಿಲ್ಲ. ಅಗಲದೊಂದಿಗೆ ಎತ್ತರವೂ ಬರುತ್ತದೆ: 27.5 x 2.25ರ ಹೊರವ್ಯಾಸ ಸುಮಾರು 698 ಮಿಲಿಮೀಟರ್, 2.6 ಹಾಕಿದರೆ 716. 29 x 2.25ರದ್ದು 736. ಅರ್ಧ ದಾರಿ ಹೋದಂತಾಯಿತು.

ಹಾಗಾದರೆ 2.6 ಹಾಕಿಬಿಡಬಹುದೇ? ಸೈಕಲ್ಲಿನೊಂದಿಗೆ ಬಂದದ್ದು 2.2. ಮೆಕ್ಯಾನಿಕ್ ಹುಡುಗ ಟೇಪು ಹುಡುಕಲಿಲ್ಲ, ಬೋಲ್ಟ್ ಬಿಗಿಯುವ ಅಲೆನ್ ಕೀಗಳ ಕಟ್ಟು ಬಿಚ್ಚಿದ. ಹಿಂದಿನ ಟೈರಿನ ಗುಬುಟಿಗೂ ಪಕ್ಕದ ಫ್ರೇಮಿನ ಕೊಳವೆಗೂ ನಡುವೆ 8 ಮಿಲಿಮೀಟರಿನ ಕೀ ಸಲೀಸಾಗಿ ಹೋಯಿತು, 10ರದ್ದು ಸಿಕ್ಕಿಕೊಂಡಿತು. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಮೂರು ನಾಲ್ಕು ಕಡೆ ನೋಡಿದ, ಬಲಗಡೆಯೂ ನೋಡಿದ. "ಮೇಡಂ, 6ರ ಕೀ ಹೋಗುವಷ್ಟಾದರೂ ಜಾಗ ಉಳಿಯಬೇಕು" ಎಂದ. 2.2 ಎಂದರೆ 56 ಮಿಲಿಮೀಟರ್, 2.4 ಎಂದರೆ 61, 2.6 ಎಂದರೆ 66. 2.4 ಹಾಕಿದರೆ ಒಂದೊಂದು ಪಕ್ಕಕ್ಕೆ ಎರಡೂವರೆ ಮಿಲಿಮೀಟರ್ ಹೋಗಿ ಆರರ ಮೇಲೆ ತುಸು ಉಳಿಯುತ್ತದೆ. 2.6 ಹಾಕಿದರೆ ನಾಲ್ಕು. ನಮ್ಮ ಜೇಡಿಮಣ್ಣಿನ ಒಂದು ಪದರ ಸಾಕು, ಚಕ್ರ ನಿಲ್ಲಲು. ಕಡ್ಡಿ ಸಡಿಲಾಗಿ ರಿಮ್ ಕೊಂಚ ಡೊಂಕಾದರೆ ಟೈರು ಫ್ರೇಮಿನ ಬಣ್ಣವನ್ನೇ ತಿನ್ನುತ್ತದೆ.

ಮುಂದೆಯಾದರೂ 2.6 ಹಾಕೋಣವೆಂದರೆ ಫೋರ್ಕಿನಲ್ಲಿ ಜಾಗವಿದೆ, ರಿಮ್ಮಿನಲ್ಲಿ ಇಲ್ಲ. ರಿಮ್ಮಿನ ಒಳ ಅಗಲ 25 ಮಿಲಿಮೀಟರ್, 2.6ಕ್ಕೆ 30ರ ಆಸುಪಾಸು ಇದ್ದರೆ ಚೆನ್ನ. ಕಿರಿದಾದ ರಿಮ್ಮಿನ ಮೇಲೆ ಅಗಲದ ಟೈರಿಗೆ ಗಾಳಿ ಕಡಿಮೆ ಮಾಡಿದರೆ ತಿರುವಿನಲ್ಲಿ ಅದು ಪಕ್ಕಕ್ಕೆ ಮಗುಚುತ್ತದೆ. ಮಗುಚದಿರಲಿ ಎಂದು ಗಾಳಿ ಏರಿಸಿದರೆ ಅಗಲದ ಟೈರ್ ಕೊಂಡು ಏನು ಬಂತು? ಎರಡಕ್ಕೂ 2.4 ಎಂದು ಮುಗಿಸಿದೆ. ಮುಂದಿನದಕ್ಕೆ ಗುಬುಟು ಎತ್ತರವಾಗಿ, ದೂರದೂರ ಇರುವ ಮಾದರಿ, ಒದ್ದೆ ಮಣ್ಣು ಕೊಡವಿಕೊಳ್ಳಲಿ ಎಂದು. ಹಿಂದಿನದಕ್ಕೆ ನಡುವಿನ ಸಾಲು ಒತ್ತೊತ್ತಾಗಿರುವುದು. ಒದ್ದೆಯಾದ ಅಡಿಕೆ ಹಾಳೆಯ ಮೇಲೆ ಮಾತ್ರ ಯಾವ ಗುಬುಟೂ ನಿಲ್ಲುವುದಿಲ್ಲ, ಅಲ್ಲಿ ಇಳಿದು ನಡೆಯುವುದೇ ಸರಿ.

ಟ್ಯೂಬ್‌ಲೆಸ್ ಈಗಲೇ ಮಾಡಿಸುತ್ತೇನೆ, ಬಿದಿರು ಮುಳ್ಳಿನ ದಾರಿಗೆ ಬೇರೆ ಉಪಾಯವಿಲ್ಲ. ಟ್ಯೂಬ್ ಇದ್ದರೆ ನನ್ನ ತೂಕಕ್ಕೆ ಹಿಂದೆ 28, 30 ಪಿಎಸ್‌ಐ ಇಡಬೇಕಾಗುತ್ತದೆ. ಇಲ್ಲವಾದರೆ ಬೇರಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಟ್ಯೂಬ್ ತೆಗೆದರೆ ಹಿಂದೆ 24, ಮುಂದೆ 21ರಿಂದ ಶುರು ಮಾಡಿ ನೋಡಬಹುದು. ಪೆಟ್ರೋಲ್ ಬಂಕಿನ ಮೀಟರು ಇಷ್ಟು ಕಡಿಮೆ ಒತ್ತಡದಲ್ಲಿ ಬಾಯಿಗೆ ಬಂದದ್ದು ಹೇಳುತ್ತದೆ, ಒಂದು ಚಿಕ್ಕ ಗೇಜ್ ಕೂಡ ಕೊಳ್ಳಬೇಕು. ಟೈರಿನೊಳಗೆ ಹಾಕುವ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಕೆಲವು ತಿಂಗಳಿಗೆ ಒಣಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಅದರ ಬಾಟಲಿಯನ್ನೂ ಬಿಲ್ಲಿಗೆ ಸೇರಿಸಲು ಹೇಳಿದ್ದೇನೆ.

ಗುರುವಾರ ಸಿದ್ಧವಾಗುತ್ತದಂತೆ. ಗುರುವಾರ ನನಗೆ ಕಚೇರಿ ಬಿಡುವುದು ಕಷ್ಟ, ಶನಿವಾರ ಹೋಗಿ ತರುತ್ತೇನೆ.