ನೆಟ್ಟಗೆ ಹೋಗಲು ಒಪ್ಪದ ಗಾಡಿ

ಗ್ಯಾರೇಜಿಗೆ ಬಿಡುವಾಗ ನನ್ನ ಯಮಹಾ ಆರ್‌ಎಕ್ಸ್ 100 ಬೈಕಿಗೆ ಇದ್ದ ಕಾಯಿಲೆ ದೊಡ್ಡದಲ್ಲ. ಮುಂದಿನ ಚಕ್ರ ಹಿಡಿದಿರುವ ಎಡ ಫೋರ್ಕಿನ ಆಯಿಲ್ ಸೀಲ್ ಸೋರುತ್ತಿತ್ತು. ಹಂಪ್ ಇಳಿದಾಗ ಹ್ಯಾಂಡಲಿನ ಬುಡದಲ್ಲಿ ಕಟಕ್ ಎನ್ನುತ್ತಿತ್ತು. 1994ರ ಗಾಡಿ, ಅಷ್ಟೂ ಆಗದಿದ್ದರೆ ಆಶ್ಚರ್ಯ. ಮೆಕ್ಯಾನಿಕ್ ಮುಂದಿನ ಬ್ರೇಕ್ ಹಿಡಿದು ಎರಡು ಸಲ ಹಿಂದಕ್ಕೂ ಮುಂದಕ್ಕೂ ನೂಕಿ, "ಕೋನ್ ಸೆಟ್ ಹೋಗಿದೆ ಸಾರ್" ಎಂದ. ಹ್ಯಾಂಡಲ್ ಸಲೀಸಾಗಿ ತಿರುಗಲೆಂದು ಅದರ ಬುಡದಲ್ಲಿ ಇರುವ ಗುಂಡುಗಳ ಬೇರಿಂಗ್ ಅದು. ಅವನು ಹೇಳಿದ್ದು ಸರಿಯೇ. ಎರಡು ದಿನ ಬಿಟ್ಟು ಹೊಸ ಕೋನ್ ಸೆಟ್, ಹೊಸ ಸೀಲ್, ಹೊಸ ಫೋರ್ಕ್ ಆಯಿಲ್, ಹೇಗೂ ಕೈ ಹಾಕಿದ್ದೇವೆ ಎಂದು ಹಿಂದಿನ ಎರಡು ಶಾಕ್ ಅಬ್ಸಾರ್ಬರನ್ನೂ ಹೊಸದಾಗಿ ಹಾಕಿಸಿಕೊಂಡು ತೀರ್ಥಹಳ್ಳಿ ಪೇಟೆಯಿಂದ ಮನೆಗೆ ಹೊರಟೆ.

ಪೇಟೆ ದಾಟುವಷ್ಟರಲ್ಲೇ ಮನಸ್ಸಿಗೆ ಕಸಿವಿಸಿ. ಸದ್ದಿಲ್ಲ, ಸೋರಿಕೆಯಿಲ್ಲ, ಹಂಪ್ ಬಂದದ್ದು ಗೊತ್ತೇ ಆಗಲಿಲ್ಲ. ಆದರೆ ಆಟೋ ಹಿಂದೆ ನಿಧಾನವಾಗಿ ಹೋಗುವಾಗ ನಾನು ಸೈಕಲ್ ಕಲಿಯುವ ಹುಡುಗನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡುತ್ತಿದ್ದೆ. ಫೋನ್ ಮಾಡಿದರೆ, "ಹೊಸ ಕೋನ್ ಸೆಟ್ ಅಲ್ಲವೇ ಸಾರ್, ನೂರು ಕಿಲೋಮೀಟರ್ ಓಡಿದರೆ ಕೂರುತ್ತದೆ" ಎಂಬ ಉತ್ತರ ಬಂತು. ಹೊಸ ಚಪ್ಪಲಿಯ ಬಗ್ಗೆಯೂ ಅಂಗಡಿಯವರು ಹೀಗೇ ಹೇಳುತ್ತಾರೆ, ನಂಬಿದೆ.

ಭಾನುವಾರ ಹೆಬ್ರಿಯಲ್ಲಿ ಒಂದು ಗೃಹಪ್ರವೇಶ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನಾನು ಎಣಿಸುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆ ದಿನ ಒಂದೊಂದನ್ನೂ ಎಣಿಸಿದೆ. ತಿರುವಿಗೆ ಬಾಗಿಸಿದರೆ ಗಾಡಿ ಬಾಗುವುದಿಲ್ಲ. ಒತ್ತಿ ಬಾಗಿಸಿದರೆ ಬೇಕಾದ್ದಕ್ಕಿಂತ ಹೆಚ್ಚು ಬಾಗಿ ಅಲ್ಲೇ ನಿಲ್ಲುತ್ತದೆ, ಮತ್ತೆ ನಾನೇ ಎತ್ತಬೇಕು. ನಾಲ್ಕನೆಯ ತಿರುವಿನಲ್ಲಿ ಮೇಲೇರಿ ಬರುತ್ತಿದ್ದ ಜೀಪಿನ ಕಡೆಗೆ ಒಂದು ಮೊಳ ಸರಿದಾಗ ಹಿಂದೆ ಕುಳಿತಿದ್ದ ಹೆಂಡತಿ ಭುಜ ಹಿಡಿದು ಕೇಳಿದಳು: "ರೀ, ನಿಮಗೆ ನಿದ್ದೆ ಬರುತ್ತಿದೆಯೇ?" ವಾಪಸು ಬರುವಾಗ ಅವಳು ಮಿನಿ ಬಸ್ ಹತ್ತಿದಳು. ಅವಳದ್ದೇ ಸರಿ.

ಮನೆಗೆ ಬಂದವನು ಮೊದಲು ದೂರಿದ್ದು ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು. ಕಣ್ಣಿಗೆ ಕಾಣುವ ಹೊಸ ಸಾಮಾನು ಅದೇ ತಾನೇ. ನೋಡಿದರೆ ಒಂದರ ಸ್ಪ್ರಿಂಗ್ ಬಿಗಿತದ ಎರಡನೆಯ ಮೆಟ್ಟಿಲಲ್ಲಿ, ಇನ್ನೊಂದರದು ಮೂರನೆಯದರಲ್ಲಿ. ಸಿಕ್ಕಿತು ಎಂದು ಹಿಗ್ಗಿ ಎರಡನ್ನೂ ಸಮ ಮಾಡಿದೆ. ಬಂಕಿನವನು ಎರಡೂ ಚಕ್ರಕ್ಕೆ ಒಂದೇ ಸಮ ಗಾಳಿ ಹೊಡೆದಿದ್ದ, ಮುಂದಿನದಕ್ಕೆ ಕಡಿಮೆ ಸಾಕು, ಇಳಿಸಿದೆ. ಆಮೇಲೆ ಗಾರೆಯವರ ನೂಲು ತಂದು ಹಿಂದಿನ ಟೈರಿಗೆ ಸುತ್ತಿ ಎರಡು ಬದಿಯಿಂದಲೂ ಮುಂದಕ್ಕೆ ಎಳೆದು ಕಟ್ಟಿದೆ. ಮುಂದಿನ ಟೈರ್ ಸಣ್ಣದು, ಹಾಗಾಗಿ ನೂಲಿಗೂ ಟೈರಿಗೂ ನಡುವೆ ಸಂದು ಇರಲೇಬೇಕು. ಆದರೆ ಎರಡು ಬದಿಯ ಸಂದೂ ಒಂದೇ ಇರಬೇಕು. ನನ್ನದರಲ್ಲಿ ಎಡಗಡೆ ಬೆರಳು ಹಿಡಿಸುತ್ತಿತ್ತು, ಬಲಗಡೆ ಪೆನ್ಸಿಲ್ ಕೂಡ ಹಿಡಿಸುತ್ತಿರಲಿಲ್ಲ. ಚೈನ್ ಅಡ್ಜಸ್ಟರಿನ ಗೀಟುಗಳು ಮಾತ್ರ ಎರಡೂ ಕಡೆ ಸಮ ಎಂದೇ ತೋರಿಸುತ್ತಿದ್ದವು. ಹಿಂದಿನ ಚಕ್ರವನ್ನು ಹಿಡಿದಿರುವ ಮೂವತ್ತು ವರ್ಷದ ಹಳೆಯ ಸ್ವಿಂಗ್ ಆರ್ಮಿನ ಗೀಟನ್ನು ನಂಬುವುದಕ್ಕಿಂತ ನೂಲನ್ನು ನಂಬುವುದು ಲೇಸು. ಹಿಂದಿನ ಚಕ್ರವನ್ನು ನೂಲಿನ ಲೆಕ್ಕಕ್ಕೆ ಕೂರಿಸಿದೆ.

ಮೂರು ತಪ್ಪು ಹಿಡಿದೆ, ಮೂರನ್ನೂ ಸರಿ ಮಾಡಿದೆ. ಗಾಡಿ ಹೊರಗೆ ತೆಗೆದರೆ ಹೊಯ್ದಾಟ ಹಾಗೇ ಇದೆ. ನಿಜವಾದ ತಪ್ಪುಗಳೇ ಸಿಕ್ಕಿ, ಅವು ಯಾವುವೂ ಕಾರಣವಲ್ಲ ಎಂದಾದಾಗ ಆಗುವ ಪೇಚು ಇದೆಯಲ್ಲ, ಅದು ಏನೂ ಸಿಗದೇ ಹೋದಾಗ ಆಗುವುದಿಲ್ಲ.

ಸಂಜೆ ಮಗಳು ಬಂದಳು. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡಲಿ ಎಂದು ಅವಳನ್ನು ಸೀಟಿನ ಹಿಂತುದಿಯಲ್ಲಿ ಕೂರಿಸಿದೆ. ಬ್ರೇಕ್ ಎಲ್ಲಾದರೂ ಹಿಡಿಯುತ್ತಿದೆಯೇ ಎಂದು ಚಕ್ರ ತಿರುಗಿಸುತ್ತಿದ್ದೆ. "ಅಪ್ಪಾ, ಹ್ಯಾಂಡಲ್ ಓರೆಯಾಗಿದ್ದರೂ ಹಾಗೇ ನಿಂತಿದೆ" ಎಂದಳು. ತಲೆ ಎತ್ತಿ ನೋಡಿದೆ. ನೆಲ ಬಿಟ್ಟ ಚಕ್ರ ನಡುವಿನಿಂದ ಸ್ವಲ್ಪ ಸರಿದರೆ ಸಾಕು, ತನ್ನ ಭಾರಕ್ಕೇ ಒಂದು ಕಡೆಗೆ ಪೂರ್ತಿ ಬೀಳಬೇಕು. ಇದು ಅರ್ಧದಲ್ಲಿ, ಯಾರೋ ಹಿಡಿದುಕೊಂಡ ಹಾಗೆ ನಿಂತಿತ್ತು. ಕ್ಲಚ್ ಕೇಬಲೋ ಮೀಟರ್ ಕೇಬಲೋ ಎಳೆದು ಹಿಡಿದಿರಬಹುದು ಎಂದು ಎರಡನ್ನೂ ಬಿಡಿಸಿದೆ. ಆಗಲೂ ನಿಂತೇ ಇತ್ತು.

ಕಚೇರಿಯ ತಿರುಗು ಕುರ್ಚಿಯ ಕಾಲಿಗೆ ಚಕ್ರ ಇರುತ್ತದಲ್ಲ, ಎತ್ತ ನೂಕಿದರೂ ತಾನೇ ತಿರುಗಿ ಹಿಂದೆ ಬರುವುದು, ಬೈಕಿನ ಮುಂದಿನ ಚಕ್ರವೂ ಅದೇ ಜಾತಿ. ಹ್ಯಾಂಡಲ್ ತಿರುಗುವ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಹಿಂದೆ ಟೈರ್ ನೆಲವನ್ನು ತಾಗುತ್ತದೆ. ಗಾಡಿ ಎಡಕ್ಕೆ ವಾಲಿದರೆ ಚಕ್ರ ತಾನೇ ಎಡಕ್ಕೆ ತಿರುಗಿ ಅದನ್ನು ಎತ್ತಿ ನಿಲ್ಲಿಸುತ್ತದೆ. ಇದು ಕೂದಲೆಳೆಯಷ್ಟೇ, ಆದರೆ ಓಡುವ ಉದ್ದಕ್ಕೂ ನಡೆಯುತ್ತಲೇ ಇರುತ್ತದೆ. ನೆಟ್ಟಗೆ ಓಡಿಸುವವನು ತಾನು ಎಂದು ಸವಾರ ಬೀಗುತ್ತಿರುತ್ತಾನೆ. ಸ್ಟೀರಿಂಗ್ ಬಿಗಿಯಾದರೆ ಆ ಕೆಲಸ ನಿಂತು ಎಲ್ಲವೂ ಅವನ ಕೈಗೇ ಬರುತ್ತದೆ. ಕೈ ತಡ ಮಾಡುತ್ತದೆ, ಮಾಡಿದಾಗ ಅತಿ ಮಾಡುತ್ತದೆ. ನೂರು ಕಿಲೋ ಚಿಲ್ಲರೆ ತೂಗುವ, ಬರೀ 98 ಸಿಸಿಯ ಈ ಹಗುರ ಗಾಡಿಯಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ.

ಟಾರ್ಚ್ ಬಿಟ್ಟು ಹೆಡ್‌ಲೈಟಿನ ಹಿಂದೆ ಬಗ್ಗಿ ನೋಡಿದೆ. ಗುಂಡುಗಳನ್ನು ಒತ್ತಿ ಹಿಡಿಯುವ ರಿಂಗ್ ನಟ್ಟಿನ ಕಚ್ಚುಗಳ ಅಂಚಿನಲ್ಲಿ ಹೊಸ ಏಟಿನ ಗುರುತು, ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಮೆಕ್ಯಾನಿಕ್ ಉಳಿ ಇಟ್ಟು ಸುತ್ತಿಗೆಯಿಂದ ಬಿಗಿದಿದ್ದ. ಅದಕ್ಕೆ ಬೇಕಾದ, ಕಚ್ಚಿಗೆ ಸಿಕ್ಕಿಸಿ ತಿರುಗಿಸುವ ಸಿ ಸ್ಪ್ಯಾನರ್ ನನ್ನ ಬಳಿಯೂ ಇರಲಿಲ್ಲ. ಹಳೆಯ ಸ್ಕ್ರೂ ಡ್ರೈವರ್ ಇಟ್ಟು ನಾನೂ ಸುತ್ತಿಗೆಯನ್ನೇ ಎತ್ತಿದೆ. ಮೇಲಿನ ದೊಡ್ಡ ನಟ್ ಸಡಿಲಿಸಿ, ರಿಂಗ್ ನಟ್ಟನ್ನು ಒಂದು ಕಚ್ಚಿನಷ್ಟು ಹಿಂದಕ್ಕೆ ತಟ್ಟಿದೆ. ಹ್ಯಾಂಡಲ್ ಮಗಳ ಕಣ್ಣೆದುರೇ ಮೆಲ್ಲಗೆ ಎಡಕ್ಕೆ ಜಾರಿ ಬಿತ್ತು. ಮೇಲಿನ ನಟ್ ಬಿಗಿದೆ, ಮತ್ತೆ ನಿಂತಿತು!

ಮೆಕ್ಯಾನಿಕ್ ಎಡವಿದ್ದೂ ಇಲ್ಲೇ ಇರಬೇಕು. ಮೇಲಿನ ನಟ್ ಬಿಗಿದಾಗ ನಟ್ಟಿನ ಒಳಗಿನ ಸುರುಳಿ ಮರೆಗಳ ನಡುವಿನ ಸಣ್ಣ ಸಡಿಲವೆಲ್ಲ ತಗ್ಗಿ ರಿಂಗ್ ನಟ್ ಇನ್ನಷ್ಟು ಕೆಳಕ್ಕೆ ಒತ್ತುತ್ತದೆ. ಕೆಳಗಿನದನ್ನು ಸರಿಯಾಗಿ ಕೂರಿಸಿ, ಮೇಲಿನದನ್ನು ಬಿಗಿದು, ಮತ್ತೊಮ್ಮೆ ನೋಡದೇ ಕೀಲಿಕೈ ಕೊಟ್ಟರೆ ಹೀಗಾಗುತ್ತದೆ. ಹಾಗಾಗಿ ಆ ಬಿಗಿತವನ್ನು ಮೊದಲೇ ಲೆಕ್ಕ ಹಿಡಿದು ಕೆಳಗಿನದನ್ನು ಕೊಂಚ ಸಡಿಲವಾಗಿಯೇ ಬಿಡಬೇಕು. ಎರಡನೆಯ ಸಲ ಹೆಚ್ಚೇ ಸಡಿಲ ಬಿಟ್ಟೆ. ಬ್ರೇಕ್ ಹಿಡಿದು ನೂಕಿದರೆ ಹಳೆಯ ಕಟಕ್ ಹಾಜರು. ಮೂರನೆಯ ಸಲ ಕಚ್ಚಿನ ಕಾಲು ಭಾಗ ಮುಂದಕ್ಕೆ ತಟ್ಟಿ, ಮೇಲೆ ಬಿಗಿದು, ಫೋರ್ಕನ್ನು ನಾಲ್ಕು ಸಲ ಒತ್ತಿ ನೋಡಿದೆ. ಕಟಕ್ ಇಲ್ಲ, ಹ್ಯಾಂಡಲ್ ಎರಡೂ ಕಡೆಗೆ ತಾನೇ ಬೀಳುತ್ತದೆ. ಮಗಳು ಅದನ್ನು ಹತ್ತು ಸಲ ಬೀಳಿಸಿದಳು.

ಮರುದಿನ ಗ್ಯಾರೇಜಿಗೆ ಹೋದೆ. ಜಗಳ ಮಾಡುವ ಉದ್ದೇಶವೇನೂ ಇರಲಿಲ್ಲ, ಸ್ವಲ್ಪ ಇತ್ತು. ಮೆಕ್ಯಾನಿಕ್ ಮಾತಾಡದೆ ಗಾಡಿಯನ್ನು ಸ್ಟ್ಯಾಂಡ್ ಹಾಕಿ, ಹ್ಯಾಂಡಲಿಗೆ ಒಂದು ಬೆರಳು ತಾಗಿಸಿ, ಅದು ಬಿದ್ದದ್ದನ್ನು ನೋಡಿದ. "ಸಿ ಸ್ಪ್ಯಾನರ್ ಎಲ್ಲಿಂದ ತಂದಿರಿ ಸಾರ್?" ಎಂದು ಕೇಳಿದ. ಸ್ಕ್ರೂ ಡ್ರೈವರಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಅವನು ರಿಂಗ್ ನಟ್ಟಿನ ಹತ್ತಿರ ಬಗ್ಗಿ ನನ್ನ ಏಟಿನ ಗುರುತುಗಳನ್ನೂ ತನ್ನದನ್ನೂ ನೋಡಿ ನಕ್ಕ. ಕೊಟ್ಟ ದುಡ್ಡಿನ ಮಾತು ನಾನು ಎತ್ತಲಿಲ್ಲ.

ಗಾಡಿ ಈಗ ಅರವತ್ತರ ಮೇಲೆ ಹೋದರೆ ಇನ್ನೂ ಒಂಚೂರು ಎಡಕ್ಕೆ ಎಳೆಯುತ್ತದೆ. ಚಕ್ರ ಓರೆ ಇದ್ದಾಗಲೇ ಎಷ್ಟು ದಿನ ಓಡಿತ್ತೋ, ಹಿಂದಿನ ಟೈರ್ ಒಂದು ಬದಿ ಹೆಚ್ಚು ಸವೆದಿದೆ. ಅದಲ್ಲದಿದ್ದರೆ ಸ್ವಿಂಗ್ ಆರ್ಮಿನ ಬುಷ್. ಮುಂದಿನ ಭಾನುವಾರ ಮಗಳಿಗೆ ಬಿಡುವಿದೆಯೇ ಕೇಳಬೇಕು.