ಡಿಸ್ಕ್ ತೊಂದರೆಯ ಸೊಂಟನೋವು: ತಿಳಿದಿರಬೇಕಾದದ್ದು

ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುವ ನೆರೆಮನೆಯ ಅಕ್ಕನಿಗೆ ಸೊಂಟದಿಂದ ಪಾದದವರೆಗೆ ಇಳಿಯುವ ನೋವು ಬಂದಾಗ, ಇನ್ನು ಆಪರೇಷನ್ನೇ ಗತಿಯೆಂದು ಮನೆಯವರೆಲ್ಲ ಹೆದರಿದ್ದರು. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕಿನ ಹೊರಕವಚ ಬಿರಿದು, ಒಳಗಿನ ಮೆದು ತಿರುಳು ಹೊರಚಾಚಿ, ಹೆಚ್ಚಾಗಿ ಸೊಂಟದ ಕೊನೆಯ ಎರಡು ಡಿಸ್ಕುಗಳ (ಎಲ್4-ಎಲ್5 ಅಥವಾ ಎಲ್5-ಎಸ್1) ಮಟ್ಟದಲ್ಲಿ ನರವನ್ನು ಕೆರಳಿಸುವುದರಿಂದ ಈ ನೋವು ಬರುತ್ತದೆ. ಬಹುಪಾಲು ಜನರಲ್ಲಿ ಇದು 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ತಗ್ಗುತ್ತದೆ. ಹೊರಚಾಚಿದ ತಿರುಳನ್ನು ಎಷ್ಟೋ ಬಾರಿ ದೇಹವೇ ಕರಗಿಸಿಕೊಳ್ಳುತ್ತದೆ. ಹಾಗಾಗಿ ದಿನಗಟ್ಟಲೆ ಮಲಗಿರುವುದಕ್ಕಿಂತ, ತಾಳಿಕೊಳ್ಳುವಷ್ಟು ನಡೆಯುತ್ತ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಮಾಡುವುದು ಮೇಲು. ಬಾವಿಯಿಂದ ನೀರು ಸೇದುವುದು, ಬಗ್ಗಿ ಅಂಗಳ ಗುಡಿಸುವುದು ಕೆಲಕಾಲ ಮನೆಯ ಇತರರ ಪಾಲಿಗಿರಲಿ (ಇದನ್ನು ಗಂಡಸರು ವಿಶೇಷವಾಗಿ ಗಮನಿಸಬೇಕು). ಆದರೆ ಮೂತ್ರ ಕಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅಥವಾ ಪಾದ ಎತ್ತಲಾಗದಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು.