ಅಪ್ಪನ ಕಾಲು ಪರೇಡ್

ನಮ್ಮನೆಯಲ್ಲಿ ಮಲಗುವ ಮುಂಚೆ ಕಾಲು ತೋರಿಸಬೇಕಿತ್ತು. ಅಪ್ಪ ರಜೆಗೆ ಬಂದರೆ ದಿನಾ ರಾತ್ರಿ ನಾನು, ತಮ್ಮ ಮಂಚದ ಅಂಚಿಗೆ ಕೂತು ಕಾಲು ಚಾಚುತ್ತಿದ್ದೆವು. ಅವರು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬೆರಳು ಬಿಡಿಸಿ, ಸಂದಿಯಲ್ಲಿ ಪಸೆ ಇದೆಯಾ ನೋಡಿ, ಹಳೇ ಪಂಚೆಯ ತುಂಡಿನಿಂದ ಒರೆಸುತ್ತಿದ್ದರು. ಹತ್ತೂ ಬೆರಳು ಮುಗಿದ ಮೇಲೆ ಅಂಗಾಲಿಗೆ ಒಂದು ಸಣ್ಣ ಏಟು. ಅಂದರೆ ಪಾಸು, ಹೋಗಿ ಮಲಗಬಹುದು.

ಅಪ್ಪ ಸೇನೆಯ ಡಾಕ್ಟರ್. ಪುಣೆಯ ಎಎಫ್‌ಎಂಸಿಯಲ್ಲಿ, ಅಂದರೆ ಸೇನೆಯ ಮೆಡಿಕಲ್ ಕಾಲೇಜಿನಲ್ಲಿ ಓದಿ ಆರ್ಮಿ ಮೆಡಿಕಲ್ ಕೋರ್ ಸೇರಿದವರು. 1991ರಲ್ಲಿ ಒಂದು ಪಲ್ಟನ್ನಿನ ಆರ್‌ಎಂಓ ಆಗಿ, ಅಂದರೆ ಜವಾನರು ಹೋದಲ್ಲೆಲ್ಲ ಜೊತೆಗೆ ಹೋಗುವ ಡಾಕ್ಟರಾಗಿ, ಸಿಯಾಚಿನ್ ಕಡೆ ಹೋದರು. ಚಳಿ ಮೈನಸ್ 50 ಡಿಗ್ರಿವರೆಗೂ ಇಳಿಯುವ ಜಾಗ. ಒದ್ದೆ ಕಾಲುಚೀಲದಲ್ಲಿ ಕೂತರೆ ಬೆರಳಿನ ಆಸೆ ಬಿಟ್ಟ ಹಾಗೇ. ಲೇಸ್ ಬಿಗಿಯಾದರೂ ಕಷ್ಟ, ತುದಿಗೆ ರಕ್ತ ಹೋಗಲ್ಲ. ಮರಗಟ್ಟಿದ ಬೆರಳನ್ನು ಉಜ್ಜಬಾರದು, ಬೆಂಕಿಗೂ ಹಿಡಿಯಬಾರದು, ಅದಕ್ಕೆ ಬಿಸಿ ಗೊತ್ತಾಗದೆ ಸುಟ್ಟೇ ಹೋಗುತ್ತೆ. 37ರಿಂದ 39 ಡಿಗ್ರಿ ನೀರಿನಲ್ಲಿ ಇಡಬೇಕು, ಅದೂ ಮತ್ತೆ ಹೆಪ್ಪುಗಟ್ಟುವ ಭಯ ಇಲ್ಲದ ಕಡೆ ತಲುಪಿದ ಮೇಲೆ. ನಮಗೆ ಮಗ್ಗಿಗಿಂತ ಮುಂಚೆ ಇದೆಲ್ಲ ಬಾಯಿಗೆ ಬರುತ್ತಿತ್ತು. ಮೈಸೂರಲ್ಲಿ ಕೂತು!

ಅವರ ಕಾಗದಗಳ ಮೇಲೆ '56 ಎಪಿಓ' ಅಂತ ಇರುತ್ತಿತ್ತು. ಅದು ಸೈನ್ಯದ ಅಂಚೆ ವಿಳಾಸ. ನಾನು ಅದೊಂದು ಊರು ಅಂದುಕೊಂಡು ಅಟ್ಲಾಸಿನಲ್ಲಿ ಹುಡುಕಿದ್ದೇನೆ. ಕಾಗದದಲ್ಲಿ ಯುದ್ಧದ ವಿಷಯ ಒಂದಕ್ಷರ ಇಲ್ಲ. ಮಳೆಗಾಲ ಬಂತು, ಶೂ ಒಳಗೆ ಪೇಪರ್ ತುರುಕಿ ಒಣಗಿಸಿ, ಹಾಕುವ ಮುಂಚೆ ಕೊಡವಿ. ಇಷ್ಟೇ. ತಮ್ಮ ಹುಟ್ಟಿದಾಗಲೂ ಅಪ್ಪ ಇರಲಿಲ್ಲ, ಅವನನ್ನು ನೋಡಿದ್ದೇ ಐದು ತಿಂಗಳ ಮೇಲೆ. (ಆ ಐದು ತಿಂಗಳು ಅಮ್ಮ ಹೇಗಿದ್ದಳು ಅನ್ನೋದು ಬೇರೆಯೇ ಕಥೆ, ಅದನ್ನು ಅವಳೇ ಹೇಳಬೇಕು.)

ನಾನು ಇಂಜಿನಿಯರಿಂಗ್ ಹಾಸ್ಟೆಲ್ ಸೇರಿದ ಮೊದಲ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ವಾಪಸ್ ಬರ್ತೀನಿ ಅಂತ ಅತ್ತೆ. ಸಮಾಧಾನ ಗಿಮಾಧಾನ ಏನೂ ಇಲ್ಲ. "ಲೇಹ್ ಇರೋದು ಹನ್ನೊಂದೂವರೆ ಸಾವಿರ ಅಡಿಯಲ್ಲಿ. ಅಲ್ಲಿಗೆ ಬಂದಿಳಿದ ಜವಾನ ಪೈಲ್ವಾನ್ ಆಗಿರಲಿ, ಆರು ದಿನ ಅಲ್ಲೇ ಇರಬೇಕು. ಮೊದಲೆರಡು ದಿನ ಸುಮ್ನೆ ಮಲಗೋದು, ಆಮೇಲೆ ನಿಧಾನ ನಡೆಯೋದು. ಧಿಮಾಕಿನಲ್ಲಿ ಹತ್ತಿದವನಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ನೀನೂ ಆರು ದಿನ ಏನೂ ತೀರ್ಮಾನ ಮಾಡಬೇಡ" ಅಂದರು. ಏಳನೇ ದಿನ ಅವರೇ ಫೋನ್ ಮಾಡಿದರು. ನಾನು ಸಿನಿಮಾಕ್ಕೆ ಹೋಗಿದ್ದೆ.

ಈಗ ಆ ದಿನಕ್ಕೆ ಬರ್ತೀನಿ. ನಿವೃತ್ತಿಯಾಗಿ ವರ್ಷಗಳಾಗಿದ್ದವು, ಸಕ್ಕರೆ ಕಾಯಿಲೆ ಅದಕ್ಕೂ ಹಳೆಯದು. ಬೆಳಗಿನ ವಾಕಿಂಗ್ ಮುಗಿಸಿ ಬಂದವರು ಶೂ ಬಿಚ್ಚಿದರು. ಬಾಗಿಲ ಹತ್ತಿರ ಅದನ್ನು ಎತ್ತಿಡೋಕೆ ಹೋದೆ, ಒಳಗೆ ಏನೋ ಗಲಗಲ ಅಂತು. ಬಗ್ಗಿಸಿದರೆ ಒಂದು ಹುಣಸೆಬೀಜ. ನನ್ನ ಮಗ ಚೌಕಾಬಾರ ಆಡಿ ಎಲ್ಲೆಂದರಲ್ಲಿ ಎಸೆದಿದ್ದು. ಒಂದು ಗಂಟೆ ಅದರ ಮೇಲೆ ನಡೆದು ಬಂದಿದ್ದಾರೆ, ಗೊತ್ತೇ ಆಗಿಲ್ಲ. ಶೂ ಕೊಡವಿ ಹಾಕಿ ಅಂತ ಮೂವತ್ತು ವರ್ಷ ಊರಿಗೆಲ್ಲ ಹೇಳಿದ ಮನುಷ್ಯ!

"ಅಪ್ಪಾ, ಕಾಲು ತೋರಿಸಿ" ಅಂದೆ. ಏನಿಲ್ಲ ಬಿಡು ಅಂದರು. ಪೇಪರ್ ಅಡ್ಡ ಹಿಡಿದರು. ನನಗೆ ಸಿಟ್ಟು ಬಂತು, "ಪರೇಡ್!" ಅಂತ ಅವರದೇ ದನಿಯಲ್ಲಿ ಕೂಗಿದೆ. ಅಡುಗೆಮನೆಯಿಂದ ಅಮ್ಮ ಇಣುಕಿದಳು. ಅಪ್ಪ ಪೇಪರ್ ಇಳಿಸಿ, ನಿಧಾನಕ್ಕೆ ಎರಡೂ ಕಾಲು ಚಾಚಿದರು, ತಪ್ಪು ಮಾಡಿದ ಜವಾನನ ಹಾಗೆ ಸೂರು ನೋಡುತ್ತಾ.

ನೆಲಕ್ಕೆ ಕೂತು ಕಾಲುಚೀಲ ಎಳೆದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ದಪ್ಪಗೆ ಆಣಿ, ನಡುವೆ ಬಿರುಕು, ಬಿರುಕಿನಲ್ಲಿ ಹಳದಿ ನೀರು. ಆವತ್ತಿನದಲ್ಲ, ವಾರಗಳ ಗಾಯ. ಚೀಲಕ್ಕೆ ಅಂಟಿ ಒಣಗಿದ ಕಲೆ ಇತ್ತು. ಸಕ್ಕರೆ ಕಾಯಿಲೆ ಅಂಗಾಲಿನ ನರ ಸಾಯಿಸುತ್ತೆ, ನೋವಿಲ್ಲ ಅಂತ ಗಾಯ ಬೆಳೆಯುತ್ತೆ, ಕಾಲು ಹೋಗೋದು ಹೀಗೇ. ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳೋದು ಅವರೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದು.

"ಯಾವಾಗಿಂದ?"

"ನೋಡಿದ್ದೆ. ನಿಮಗ್ಯಾಕೆ ಗಾಬರಿ ಅಂತ..."

ಬೈದೆ. ಜಾಸ್ತಿನೇ ಬೈದೆ, ಈಗ ಅವರಿಲ್ಲದ ಮೇಲೆ ಅದು ನೆನಪಾಗುತ್ತೆ. ಹೃದಯ ನಿಂತು ಹೋದರು ಕಳೆದ ವರ್ಷ, ಕಾಲು ಎರಡೂ ಉಳಿದಿದ್ದವು. ಆವತ್ತೇ ಆಸ್ಪತ್ರೆಗೆ ಕರೆದೊಯ್ದು ಗಾಯ ಶುಚಿ ಮಾಡಿಸಿದೆವು. ಕಾಲೂರಬೇಡಿ ಅಂದರು ಅಲ್ಲಿನ ಹುಡುಗ ಡಾಕ್ಟರ್. ಅಪ್ಪ ಅವರಿಗೆ "ಯೆಸ್ ಸರ್" ಅಂದರು.

ರಾತ್ರಿ ಒಂಬತ್ತಕ್ಕೆ ಅವರ ರೂಮಿಗೆ ಹೋದೆ. ಮಂಚದ ಅಂಚಿಗೆ ಕೂತು ಆಗಲೇ ಕಾಲು ಚಾಚಿದ್ದರು, ಪಕ್ಕದಲ್ಲಿ ಪಂಚೆ ತುಂಡು. ನಾನು ಬೆರಳು ಬಿಡಿಸಿ ಒರೆಸಿದೆ. ಎಡಗಾಲಿಗೆ ಸಣ್ಣ ಏಟು ಕೊಟ್ಟೆ, ಬಲಗಾಲಿಗೆ ಕೊಡಲಿಲ್ಲ.

"ಏನು ಡಾಕ್ಟರ್ ಸಾಹೇಬ್ರೇ, ಅಟೆಂಡ್ ಸಿ ಕೊಡ್ತೀರಾ?" ಅಂದರು. ಕೆಲಸಕ್ಕೆ ಬರಬೇಡ, ಬಿದ್ದುಕೋ ಅಂತ ಜವಾನನಿಗೆ ಬರೆದುಕೊಡುವ ಚೀಟಿ ಅದು.

ಕೊಟ್ಟೆ. ಜನ್ಮದಲ್ಲಿ ಐದಕ್ಕೆ ಮುಂಚೆ ಏಳದೆ ಇದ್ದವರಲ್ಲ, ಮಾರನೇ ದಿನ ಎಂಟೂವರೆವರೆಗೆ ಮಲಗಿದ್ದರು. ಅಮ್ಮ ಎರಡು ಸಲ ಹೋಗಿ ಉಸಿರು ನೋಡಿ ಬಂದಳು.